ನೂರರಲ್ಲಿ ನಾಲ್ಕು ಅಂದರೆ, ನನ್ನ ಮಗ ಯಾವ ಕಡೆ?

ಪ್ರೌಢಶಾಲೆ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ ಇದು. ಬರೆಯುವಾಗ ಕೆಲವು ಕಡೆ ಕತ್ತರಿಸಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ. ಮಾತಿನ ಧಾಟಿ ಮಾತ್ರ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ಈ ಮೈಕಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಮಾತ್ರೆ ಬರೆದುಕೊಡುವ ಅಧಿಕಾರ ನನಗಿಲ್ಲ. ಆದರೂ ಇಂಥ ಸಭೆ ಮುಗಿದ ಮೇಲೆ ಯಾರಾದರೂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. ಮೂರ್ನಾಲ್ಕು ವರ್ಷದ ಹಿಂದೆ ಹಾಗೆ ಕರೆದವರು ಒಬ್ಬ ತಾಯಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿ ಹೇಳುತ್ತೇನೆ.

ಅವರ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇತ್ತು, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಭಯ ಅನುಮಾನ ಕಾಡುವ ಮಾನಸಿಕ ಕಾಯಿಲೆ. ಮಗನಿಗೆ ಆಗ 14 ವರ್ಷ. ಹುಡುಗ ಈಚೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಮಾತಾಡಿಸಿದರೆ ರೇಗುತ್ತಾನೆ. ಒಂದು ರಾತ್ರಿ ಊಟದ ತಟ್ಟೆ ಎಸೆದುಬಿಟ್ಟ. ‘ಸಾರ್, ಮಕ್ಕಳು ಸೋದರಮಾವನನ್ನ ಹೋಲ್ತಾರೆ ಅಂತಾರಲ್ಲ, ನನ್ನ ಮಗನಿಗೂ ಅದು ಬರುತ್ತಾ?’ ಅಂತ ಕೇಳಿದರು.

ಪಾಠ ಮಾಡಿದವನಿಗೆ ಅಂಕಿ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಒಡಹುಟ್ಟಿದವರಿಗೋ ಅಪ್ಪ ಅಮ್ಮನಿಗೋ ಇದ್ದರೆ ಅದು ಹತ್ತರ ಆಸುಪಾಸಿಗೆ ಏರುತ್ತದೆ. ಸೋದರಮಾವನಿಗಿದ್ದರೆ ಮೂರೋ ನಾಲ್ಕೋ. ನಾನು ದೊಡ್ಡ ಸಮಾಧಾನ ಹೇಳುವವನ ಹಾಗೆ, ‘ನೋಡಿಮ್ಮಾ, ನೂರರಲ್ಲಿ ನಾಲ್ಕು ಅಷ್ಟೇ’ ಅಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ನನ್ನ ಮಗ ಆ ನಾಲ್ಕರಲ್ಲೋ, ಮಿಕ್ಕ ತೊಂಬತ್ತಾರರಲ್ಲೋ?’

ನಾನು ತಬ್ಬಿಬ್ಬಾದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ದೊಡ್ಡ ದೊಡ್ಡ ಪ್ರಯೋಗಾಲಯದವರ ಹತ್ತಿರವೂ ಇಲ್ಲ. ಹಾಗಾದರೆ ಅಷ್ಟೊಂದು ಸಂಶೋಧನೆ ಮಾಡಿ ಇವರು ಕಂಡುಹಿಡಿದಿದ್ದಾದರೂ ಏನು? ಇವತ್ತು ನಾನು ಹೇಳಲು ಹೊರಟಿರುವುದು ಅದನ್ನೇ.

‘ರಿಸ್ಕ್ ಫ್ಯಾಕ್ಟರ್’ ಅನ್ನೋ ಮಾತು ನಿಮಗೆ ಗೊತ್ತು. ಪತ್ರಿಕೆಗಳು ‘ಅಪಾಯಕಾರಿ ಅಂಶ’ ಅಂತ ಬರೆಯುತ್ತವೆ. ಆ ಅನುವಾದ ನನಗೆ ಹಿಡಿಸುವುದಿಲ್ಲ. ಕೇಳಿದರೆ ವಿಷದ ಬಾಟಲಿಯ ಮೇಲೆ ಅಂಟಿಸಿದ ಚೀಟಿಯ ಹಾಗಿದೆ. ಈ ಮಾತು ಚಾಲ್ತಿಗೆ ಬಂದಿದ್ದು ಹೃದಯದ ಕಾಯಿಲೆಯಿಂದ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಿನಲ್ಲಿ 1948ರಿಂದ 5,209 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಯಾರಿಗೆ ಹೃದಯಾಘಾತ ಆಯಿತು, ಅವರಲ್ಲಿ ಮುಂಚೆ ಏನೇನು ಜಾಸ್ತಿ ಇತ್ತು ಅಂತ ನೋಡಿದರು. ರಕ್ತದೊತ್ತಡ, ಕೊಲೆಸ್ಟ್ರಾಲ್ ಸಿಕ್ಕವು. 1961ರ ಅವರ ಲೇಖನದ ನಂತರ ಈ ಪದ ಎಲ್ಲೆಡೆ ಹರಡಿತು.

ಅದರ ಅರ್ಥ ಬಹಳ ಸರಳ. ಈ ಲಕ್ಷಣ ಇರುವ ಸಾವಿರ ಜನರನ್ನೂ ಇಲ್ಲದ ಸಾವಿರ ಜನರನ್ನೂ ನೋಡಿದರೆ ಮೊದಲ ಗುಂಪಿನಲ್ಲಿ ಕಾಯಿಲೆ ಜಾಸ್ತಿ. ಅಷ್ಟೇ. ಮಾತು ಗುಂಪಿನದ್ದು. ನಿಮ್ಮ ತರಗತಿಯ ಮೂರನೇ ಬೆಂಚಿನ ಹುಡುಗನದ್ದಲ್ಲ. ಇನ್ನೊಂದು ವಿಚಿತ್ರ ನೋಡಿ. ಸ್ಕಿಜೋಫ್ರೇನಿಯಾ ವಂಶದಲ್ಲಿ ಬರುತ್ತೆ ಅನ್ನುವುದು ನಿಜ. ಆದರೆ ಆ ಕಾಯಿಲೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹತ್ತಿರದ ಸಂಬಂಧಿಕರಲ್ಲಿ ಯಾರಿಗೂ ಅದು ಇರುವುದಿಲ್ಲ. ಹೆಣ್ಣು ಗಂಡು ನೋಡುವಾಗ ‘ಆ ಮನೇಲಿ ಯಾರಿಗೋ ತಲೆ ಸರಿ ಇಲ್ವಂತೆ’ ಅಂತ ಸಂಬಂಧ ಬಿಡುತ್ತಾರಲ್ಲ, ಆ ಲೆಕ್ಕಾಚಾರ ಎರಡೂ ಕಡೆಯಿಂದ ತಪ್ಪುತ್ತದೆ.

ಈಗ ಮಕ್ಕಳ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಐಲ್ ಆಫ್ ವೈಟ್ ಅಂತ ಒಂದು ದ್ವೀಪ ಇದೆ. ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು 1964-65ರಲ್ಲಿ ಅಲ್ಲಿನ 10-11 ವರ್ಷದ ಮಕ್ಕಳನ್ನೆಲ್ಲ ಸಮೀಕ್ಷೆ ಮಾಡಿದರು. ಪೋಷಕರನ್ನು ಕೇಳಿದರು, ಶಿಕ್ಷಕರನ್ನು ಕೇಳಿದರು, ಮಕ್ಕಳ ಜೊತೆಯೂ ಕೂತು ಮಾತಾಡಿದರು. ಮಕ್ಕಳಿಗೆ ತಮ್ಮ ಮನಸ್ಸಿನ ಬಗ್ಗೆ ಹೇಳಲು ಬರುತ್ತೆ ಅಂತ ಆಗ ಹೆಚ್ಚು ಜನ ನಂಬಿರಲಿಲ್ಲ. ಆಮೇಲೆ ಇದೇ ರೀತಿ ಲಂಡನ್ನಿನ ಒಂದು ಕಿಕ್ಕಿರಿದ ಬಡಾವಣೆಯಲ್ಲೂ ಮಾಡಿದರು. ಅಲ್ಲಿ ತೊಂದರೆ ದ್ವೀಪದ ಸುಮಾರು ಎರಡರಷ್ಟಿತ್ತು.

ಯಾಕೆ ಅಂತ ಹುಡುಕಿದಾಗ ಆರು ವಿಷಯ ಮತ್ತೆ ಮತ್ತೆ ಎದುರಾದವು. ಅಪ್ಪ ಅಮ್ಮನ ನಡುವೆ ತೀರದ ಜಗಳ, ಕಡಿಮೆ ಆದಾಯದ ಕೆಲಸ, ಚಿಕ್ಕ ಮನೆಯಲ್ಲಿ ಜಾಸ್ತಿ ಜನ, ಅಪ್ಪ ಅಪರಾಧದಲ್ಲಿ ಸಿಕ್ಕಿಬಿದ್ದಿರುವುದು, ಅಮ್ಮನಿಗೆ ಮಾನಸಿಕ ಕಾಯಿಲೆ, ಮಗುವನ್ನು ಬೇರೆಯವರ ಆಶ್ರಯದಲ್ಲಿ ಬಿಟ್ಟಿರುವುದು. ರಟ್ಟರ್ ಇವನ್ನು ಎಣಿಸಿ ನೋಡಿದರು. ಇವುಗಳಲ್ಲಿ ಒಂದೇ ಒಂದು ಇದ್ದ ಮಕ್ಕಳು ಏನೂ ಇಲ್ಲದ ಮಕ್ಕಳಷ್ಟೇ ಚೆನ್ನಾಗಿದ್ದರು. ಎರಡು ಕೂಡಿದರೆ ತೊಂದರೆ ನಾಲ್ಕರಷ್ಟು. ನಾಲ್ಕು ಕೂಡಿದರೆ ಅದಕ್ಕಿಂತಲೂ ಎಷ್ಟೋ ಪಟ್ಟು. ಒಂದು ಮೂಟೆ ಹೇರಿದ ಎತ್ತು ನಡೆಯುತ್ತದೆ. ಎರಡನೆಯದಕ್ಕೆ ಹೆಜ್ಜೆ ತಡವರಿಸುತ್ತದೆ. ‘ಅಮ್ಮ ಇಲ್ಲದ ಮಗು, ಅದಕ್ಕೇ ಹೀಗೆ’ ಅಂತ ಸ್ಟಾಫ್ ರೂಮಿನಲ್ಲಿ ಒಂದೇ ಕಾರಣಕ್ಕೆ ಮಗುವನ್ನು ಕಟ್ಟಿಹಾಕುತ್ತೇವಲ್ಲ, ಆಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ಆದರೆ ಜೊತೆಗಿದ್ದ ಮಾತ್ರಕ್ಕೆ ಅದೇ ಕಾರಣ ಅಂತ ಹೇಳಬಹುದಾ? ಈ ಕ್ಷೇತ್ರ ದೊಡ್ಡ ತಪ್ಪು ಮಾಡಿದ್ದು ಇಲ್ಲೇ. ಆಟಿಸಂ ಅಂದರೆ ಮಗು ಚಿಕ್ಕಂದಿನಿಂದಲೇ ಬೇರೆಯವರ ಜೊತೆ ಬೆರೆಯಲು, ಮಾತಾಡಲು ಕಷ್ಟಪಡುವ ಸ್ಥಿತಿ. ಅದರ ಬಗ್ಗೆ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಬರೆದರು. ಒಳ್ಳೆಯ ಕೆಲಸವೇ. ಆದರೆ ಆ ಮಕ್ಕಳ ಅಪ್ಪ ಅಮ್ಮ ಸ್ವಲ್ಪ ಬಿಗುವಿನವರು, ತಣ್ಣಗಿನವರು ಅಂತ ಅವರಿಗೆ ಕಂಡಿತು. ಮುಂದೆ ಆ ಮಕ್ಕಳು ಫ್ರಿಜ್ಜಿನಲ್ಲಿಟ್ಟ ಹಾಗೆ ಬೆಳೆದವರು ಅನ್ನುವ ಅರ್ಥದ ಮಾತನ್ನೂ ಬರೆದರು. ಮಕ್ಕಳ ಮನಸ್ಸಿನ ಬಗ್ಗೆ ಬರೆಯುತ್ತಿದ್ದ ಬ್ರೂನೋ ಬೆಟ್ಟೆಲ್‌ಹೈಮ್ ಅದನ್ನೇ ದೊಡ್ಡ ದನಿಯಲ್ಲಿ ಸಾರಿದರು. ‘ಫ್ರಿಜ್ ತಾಯಂದಿರು’ ಅಂತ ಹೆಸರೇ ಬಿತ್ತು. ಎಷ್ಟೋ ವರ್ಷ ತಾಯಂದಿರು ತಮ್ಮ ಪ್ರೀತಿ ಸಾಲದೆ ಮಗು ಹೀಗಾಯಿತು ಅಂತ ತಲೆ ತಗ್ಗಿಸಿ ಕೂತರು.

ತಿರುಗಿಸಿ ಯೋಚಿಸಿ. ಎತ್ತಿಕೊಂಡರೆ ಮೈ ಬಿಗಿ ಮಾಡುವ, ನಕ್ಕರೆ ಕಣ್ಣು ತಪ್ಪಿಸುವ ಮಗುವಿನ ಮುಂದೆ ಯಾವ ತಾಯಿ ಮೂರು ವರ್ಷ ಕುಣಿದಾಡುತ್ತಾಳೆ? ಡಾಕ್ಟರು ನೋಡಿದ ಆ ಮಂಕು ಮುಖ ಮಗುವಿನ ತೊಂದರೆಯಿಂದಲೇ ಬಂದಿರಬಹುದಲ್ವಾ? 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಇದೇ ರಟ್ಟರ್ 21 ಅವಳಿ ಜೋಡಿಗಳನ್ನು ನೋಡಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಯಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದ 10 ಜೋಡಿಯಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಒಂದೇ ತಾಯಿ, ಒಂದೇ ಮನೆ. ವ್ಯತ್ಯಾಸ ಮಡಿಲಿನದ್ದಲ್ಲ, ಜೀನಿನದ್ದು. ಪುಟ್ಟ ಅಧ್ಯಯನ, ಆದರೆ ತಾಯಂದಿರ ತಲೆಯ ಮೇಲಿನ ಭಾರ ಇಳಿಯಲು ದೊಡ್ಡ ಕಾರಣ ಆಯಿತು. ಪೂರ್ತಿ ಇಳಿದಿಲ್ಲ ಅನ್ನುವುದು ನಿಮಗೂ ಗೊತ್ತು. ‘ಅಮ್ಮ ಕೆಲಸಕ್ಕೆ ಹೋಗ್ತಾಳೆ, ಅದಕ್ಕೇ ಮಗು ಮಾತಾಡಲ್ಲ’ ಅಂತ ನಮ್ಮಲ್ಲಿ ಇನ್ನೂ ಹೇಳುತ್ತಾರೆ.

ಬಡತನದ ವಿಷಯದಲ್ಲೂ ಇದೇ ಗೋಜಲು. ಬಡವರ ಮನೆಯ ಮಕ್ಕಳಲ್ಲಿ ನಡವಳಿಕೆಯ ತೊಂದರೆ ಜಾಸ್ತಿ ಅಂತ ಹಲವು ದೇಶಗಳಲ್ಲಿ ಕಂಡಿದೆ. ಬಡತನ ತೊಂದರೆ ತರುತ್ತದೋ, ಅಥವಾ ಮನೆತನದಲ್ಲೇ ಇರುವ ತೊಂದರೆ ಅವರನ್ನು ಬಡವರಾಗಿಯೇ ಇಡುತ್ತದೋ? ಬೀಜ ಮೊದಲೋ ವೃಕ್ಷ ಮೊದಲೋ ಅನ್ನುವ ಜಗಳ. ಪ್ರಯೋಗ ಮಾಡಿ ನೋಡೋಣ ಅಂದರೆ, ಅರ್ಧ ಊರಿಗೆ ದುಡ್ಡು ಹಂಚಿ ಇನ್ನರ್ಧ ಊರನ್ನು ಸುಮ್ನೆ ನೋಡುತ್ತಾ ಕೂರಲು ಯಾರು ಬಿಡುತ್ತಾರೆ?

ಒಂದು ಕಡೆ ಅದು ತಾನಾಗಿಯೇ ನಡೆದುಹೋಯಿತು. ನಾನು ಹೆಚ್ಚು ಇಷ್ಟಪಟ್ಟು ಪಾಠ ಮಾಡುತ್ತಿದ್ದ ಕಥೆ ಇದು.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮಕ್ಕೆ ಗ್ರೇಟ್ ಸ್ಮೋಕಿ ಬೆಟ್ಟಗಳಿವೆ. ಜೇನ್ ಕಾಸ್ಟೆಲ್ಲೋ, ಏಡ್ರಿಯನ್ ಆಂಗೋಲ್ಡ್ ಅನ್ನುವ ಸಂಶೋಧಕರು 1993ರಲ್ಲಿ ಅಲ್ಲಿನ 1,420 ಮಕ್ಕಳನ್ನು ಆರಿಸಿಕೊಂಡು ಪ್ರತಿ ವರ್ಷ ಮಾತಾಡಿಸಲು ಶುರು ಮಾಡಿದರು. ಶುರುವಿನಲ್ಲಿ ಆ ಮಕ್ಕಳಿಗೆ 9, 11, 13 ವರ್ಷ. ಅವರಲ್ಲಿ 350 ಮಕ್ಕಳು ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನವರು. ಈ ಬುಡಕಟ್ಟಿನ ಬಹುಪಾಲು ಜನರನ್ನು 1838ರಲ್ಲಿ ಸೈನ್ಯ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿತ್ತು. ಬೆಟ್ಟಗಳಲ್ಲಿ ಉಳಿದುಕೊಂಡವರ ಮೊಮ್ಮಕ್ಕಳ ಮಕ್ಕಳು ಇವರು. ಬಡತನ ಅವರಲ್ಲಿ ತುಂಬ ಇತ್ತು.

ಅಧ್ಯಯನ ನಡೆಯುತ್ತಿರುವಾಗಲೇ, 1996ರಲ್ಲಿ, ಬುಡಕಟ್ಟಿನ ನೆಲದಲ್ಲಿ ಒಂದು ಕ್ಯಾಸಿನೋ, ಅಂದರೆ ಜೂಜಿನ ಕೇಂದ್ರ, ತೆರೆಯಿತು. ಒಪ್ಪಂದದ ಪ್ರಕಾರ ಲಾಭದ ಒಂದು ಪಾಲು ಬುಡಕಟ್ಟಿನ ಪ್ರತಿಯೊಬ್ಬರಿಗೂ ಆರು ತಿಂಗಳಿಗೊಮ್ಮೆ ಸಿಗಬೇಕು. ದುಡಿದರೂ ಸಿಗುತ್ತದೆ, ದುಡಿಯದಿದ್ದರೂ ಸಿಗುತ್ತದೆ. 2001ರ ಹೊತ್ತಿಗೆ ತಲೆಗೆ ವರ್ಷಕ್ಕೆ ಸುಮಾರು 6,000 ಡಾಲರ್ ಆಯಿತು. ಮಕ್ಕಳ ಪಾಲನ್ನು ಅವರು ದೊಡ್ಡವರಾಗುವ ತನಕ ಠೇವಣಿ ಇಡುತ್ತಿದ್ದರು. ನಮ್ಮ ಕಥೆಗಳಲ್ಲಿ ಜೂಜಿನಿಂದ ರಾಜ್ಯ ಹೋಗಿದೆ, ಹೆಂಡತಿಯ ಸೀರೆಗೆ ಕೈ ಹಾಕಿಸಿದೆ. ಜೂಜಿನಿಂದ ಮಕ್ಕಳು ಸುಧಾರಿಸಿದ್ದನ್ನು ನಾನು ಕೇಳಿದ್ದು ಇದೊಂದೇ ಕಡೆ. ಆಡಿದವರು ಬೇರೆ, ಹಣ ಬಂದವರು ಬೇರೆ, ಅದು ಬೇರೆ ಮಾತು.

ಆ ಹಣದಿಂದ 14% ಚೆರೋಕಿ ಮಕ್ಕಳ ಮನೆಗಳು ಬಡತನದ ಗೆರೆ ದಾಟಿದವು. 53% ಮನೆಗಳು ಹಣ ಬಂದರೂ ಬಡವಾಗಿಯೇ ಉಳಿದವು. ಉಳಿದವರು ಮೊದಲಿಂದಲೂ ಬಡವರಲ್ಲ. ಗೆರೆ ದಾಟಿದ ಮನೆಯ ಮಕ್ಕಳಲ್ಲಿ ಹೊಡೆದಾಟ, ಸುಳ್ಳು, ಕದಿಯುವುದು, ಹೇಳಿದ್ದಕ್ಕೆಲ್ಲ ಎದುರು ನಿಲ್ಲುವುದು, ಇಂಥ ನಡವಳಿಕೆಯ ತೊಂದರೆ ಸುಮಾರು 40% ಇಳಿಯಿತು. ನಾಲ್ಕು ವರ್ಷದಲ್ಲಿ ಅವರು ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಬಂದರು. ಬಡವಾಗಿಯೇ ಉಳಿದವರಲ್ಲಿ ಅದು ಇಳಿಯಲಿಲ್ಲ. ಮನೆತನದ ರಕ್ತವೇ ಕಾರಣ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಬ್ಯಾಂಕಿಗೆ ಹಣ ಬಂದರೆ ಜೀನ್ ಬದಲಾಗುವುದಿಲ್ಲವಲ್ಲ.

ಹಣ ಒಳಗೆ ಏನು ಮಾಡಿತು? ಮಕ್ಕಳಿಗೆ ಒಳ್ಳೆಯ ಬಟ್ಟೆ, ಆಟದ ಸಾಮಾನು ಸಿಕ್ಕಿ ಹೀಗಾಯಿತಾ? ಸಂಶೋಧಕರು ಹಲವು ವಿಷಯ ಹಾಕಿ ತೂಗಿ ನೋಡಿದರು. ಎಲ್ಲಕ್ಕಿಂತ ಭಾರ ಬಿದ್ದದ್ದು ಒಂದೇ ಕಡೆ. ಮಗ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ, ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ನೋಡಿಕೊಳ್ಳಲು ಅಪ್ಪ ಅಮ್ಮನಿಗೆ ಪುರುಸೊತ್ತು ಸಿಕ್ಕಿತ್ತು. ನಾನಿದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ‘ಈ ಅಪ್ಪ ಅಮ್ಮನಿಗೆ ಮಕ್ಕಳ ಮೇಲೆ ನಿಗಾನೇ ಇಲ್ಲ’ ಅಂತ ನಾನೇ ಎಷ್ಟು ಸಲ ಹೇಳಿದ್ದೇನೋ. ನಿಗಾ ಇಡುವುದಕ್ಕೂ ದುಡ್ಡು ಬೇಕು ಅನ್ನುವುದು ನನಗೆ ಹೊಳೆದಿರಲೇ ಇಲ್ಲ.

ಒಂದು ತಕರಾರು ಹೇಳದೆ ಮುಂದೆ ಹೋಗಬಾರದು. ಆತಂಕ, ಖಿನ್ನತೆ ಈ ಹಣಕ್ಕೆ ಜಗ್ಗಲಿಲ್ಲ. ಇಳಿದಿದ್ದು ನಡವಳಿಕೆಯ ತೊಂದರೆ ಮಾತ್ರ. ಮುಂದೆ ಅವರು ದೊಡ್ಡವರಾದ ಮೇಲೆ ನೋಡಿದಾಗ, ಹಣ ಬರುವಾಗ ಎಲ್ಲರಿಗಿಂತ ಚಿಕ್ಕವರಾಗಿದ್ದವರಲ್ಲೇ ಲಾಭ ಎದ್ದು ಕಂಡಿತು, ಅದೂ ಮುಖ್ಯವಾಗಿ ಕುಡಿತ, ಗಾಂಜಾದ ವಿಷಯದಲ್ಲಿ.

ಈ ಕಥೆ ಹೇಳಿದಾಗೆಲ್ಲ ಯಾರಾದರೂ ಗೃಹಲಕ್ಷ್ಮಿ ಹಣದ ಮಾತು ಎತ್ತುತ್ತಾರೆ. ಹೊಗಳಲಿಕ್ಕೋ ತೆಗಳಲಿಕ್ಕೋ ಅನ್ನುವುದು ಊರಿನ ಮೇಲೆ ಹೋಗುತ್ತದೆ. ನಾನು ಹೇಳುವುದು ಇಷ್ಟೇ: ಚೆರೋಕಿ ಮಕ್ಕಳ ವಿಷಯದಲ್ಲಿ ಹಣ ಬರುವುದಕ್ಕೆ ಮುಂಚಿನ ವರ್ಷಗಳ ಲೆಕ್ಕ ಕೈಯಲ್ಲಿತ್ತು. ಮುಂಚಿನ ಲೆಕ್ಕ ಇಲ್ಲದೆ ಆಮೇಲಿನದನ್ನು ಯಾವುದಕ್ಕೆ ಹೋಲಿಸುತ್ತೀರಿ?

ಇದಕ್ಕೆ ಉಲ್ಟಾ ಆದ ಫಲಿತಾಂಶ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಸಿಕ್ಕಿತು. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಜನಸಂಖ್ಯೆ ಹೆಚ್ಚಿಸಬೇಕು ಅಂತ 1966ರಲ್ಲಿ ಗರ್ಭಪಾತ ನಿಷೇಧಿಸಿದ. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳಿಗೆ ಬಂದು ಬಿದ್ದರು. ಊಟ, ಬಟ್ಟೆ ಇತ್ತು. ಎತ್ತಿ ಆಡಿಸುವವರು ಇರಲಿಲ್ಲ. ಅವನ ಆಳ್ವಿಕೆ ಬಿದ್ದು ಹತ್ತು ವರ್ಷವಾದ ಮೇಲೂ ಅಲ್ಲಿ ಮಕ್ಕಳು ತುಂಬಿದ್ದರು. ಆಗ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಅನ್ನುವ ಮೂವರು 136 ಪುಟ್ಟ ಮಕ್ಕಳಲ್ಲಿ ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನು ಸಾಕು ಮನೆಗಳಿಗೆ ಕಳಿಸಿದರು. ಉಳಿದವರು ಅಲ್ಲೇ. ಇದು ಸರಿಯಾ ಅಂತ ಆಗಲೇ ಜಗಳ ಆಗಿದೆ, ನನಗೂ ಹೊಟ್ಟೆ ಕಿವುಚುತ್ತದೆ. ಮಕ್ಕಳಿಗೆ ನಾಲ್ಕೂವರೆ ವರ್ಷ ಆದಾಗ ನೋಡಿದರೆ, ಮನೆ ಸಿಕ್ಕವರಲ್ಲಿ ಆತಂಕ, ಖಿನ್ನತೆ ಅರ್ಧದಷ್ಟೇ ಇತ್ತು. ಚಂಚಲತೆ, ಹಟಮಾರಿತನ ಮಾತ್ರ ಇಬ್ಬರಲ್ಲೂ ಒಂದೇ. ಅಲ್ಲಿ ಹಣ ನಡವಳಿಕೆಯನ್ನು ತಿದ್ದಿತು, ಇಲ್ಲಿ ಮಡಿಲು ಆತಂಕವನ್ನು ಇಳಿಸಿತು. ಒಂದು ಬೀಗದ ಕೈ ಇನ್ನೊಂದಕ್ಕೆ ಹತ್ತುವುದಿಲ್ಲ.

ಎಲ್ಲವೂ ಮನೆಯೊಳಗೇ ಇದೆ ಅಂದುಕೊಳ್ಳಬೇಡಿ. ಚಿಕ್ಕಂದಿನಲ್ಲಿ ನಮ್ಮ ಹಾಲುಹಲ್ಲು ಬಿದ್ದಾಗ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತಿದ್ದೆವಲ್ಲ? ಅಮೆರಿಕದ ಬಾಸ್ಟನ್ ಹತ್ತಿರ ಹರ್ಬರ್ಟ್ ನೀಡಲ್‌ಮನ್ ಅನ್ನುವ ಡಾಕ್ಟರ್ ಆ ಹಲ್ಲುಗಳನ್ನು ಕೂಡಿಟ್ಟರು. ಒಂದನೇ, ಎರಡನೇ ತರಗತಿಯ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಹಲ್ಲು. ಮೈಗೆ ಸೇರಿದ ಸೀಸ ಹಲ್ಲಿನಲ್ಲಿ ಉಳಿಯುತ್ತದೆ. ಇತ್ತ ಶಿಕ್ಷಕರನ್ನು ಕೇಳಿದರು: ಈ ಮಗು ಗಮನ ಇಡುತ್ತದಾ, ಹೇಳಿದ ಕೆಲಸ ಮುಗಿಸುತ್ತದಾ? ಹಲ್ಲಿನಲ್ಲಿ ಸೀಸ ಹೆಚ್ಚಿದಂತೆ ಶಿಕ್ಷಕರ ದೂರೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. 1979ರಲ್ಲಿ ಅದು ಪ್ರಕಟವಾಯಿತು. ಮುಂದೆ ಸೀಸದ ಉದ್ಯಮದ ಪರ ಇದ್ದ ವಿಜ್ಞಾನಿಗಳು ಅವರ ಮೇಲೆ ಮೋಸದ ಆರೋಪ ಹೊರಿಸಿದರು. ವಿಚಾರಣೆ ನಡೆದು ಆರೋಪ ಬಿದ್ದುಹೋಯಿತು.

ಇದಕ್ಕೆ ನಮ್ಮ ನಂಟೂ ಇದೆ. 1990ರ ದಶಕದ ಕೊನೆಗೆ ಬೆಂಗಳೂರಿನ ತುಪ್ಪಿಲ್ ವೆಂಕಟೇಶ್ ಮತ್ತು ಸಂಗಡಿಗರು ದೇಶದ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. 12 ವರ್ಷದೊಳಗಿನ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಆಗಿನ ಮಿತಿಗಿಂತ ಜಾಸ್ತಿ ಸೀಸ ಸಿಕ್ಕಿತು. ಆಗ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಗಾಡಿಯ ಹೊಗೆಯಲ್ಲಿ ಅದು ಹೊರಬರುತ್ತಿತ್ತು. 2000ದಲ್ಲಿ ದೇಶದಲ್ಲಿ ಆ ಪೆಟ್ರೋಲ್ ನಿಂತಿತು. ಎಷ್ಟು ‘ಪುಂಡ’ ಹುಡುಗರು ಆ ಕಾಲದ ಟ್ರಾಫಿಕ್ ಸಿಗ್ನಲ್ ಪಕ್ಕದ ಮನೆಗಳಲ್ಲಿ ಬೆಳೆದು ಸುಮ್ಮನೆ ಏಟು ತಿಂದರೋ.

ನಮ್ಮಲ್ಲೇ ಆದ ಅಧ್ಯಯನದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲ ಹಳ್ಳಿ ಮೂರೂ ಕಡೆ 16 ವರ್ಷದೊಳಗಿನ ಸುಮಾರು 2,000 ಮಕ್ಕಳನ್ನು ನೋಡಿ 2005ರಲ್ಲಿ ವರದಿ ಕೊಟ್ಟರು. ನೂರಕ್ಕೆ ಹನ್ನೆರಡೂವರೆ ಮಕ್ಕಳಿಗೆ ಒಂದಲ್ಲ ಒಂದು ತೊಂದರೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ಯಾವುದೋ ಒಂದರ ವಿಪರೀತ ಭಯ, ತೊದಲು, ಎಲ್ಲ ಸೇರಿ. ಕೊಳೆಗೇರಿ, ಹಳ್ಳಿ, ಮಧ್ಯಮ ವರ್ಗ ಅಂತ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ! ಚೆರೋಕಿ ಕಥೆ ಕೇಳಿ ತಲೆದೂಗಿದವರಿಗೆ ಇದು ಗೊಂದಲ ಆಗಬೇಕು. ಆಗಲಿ. ಒಂದು ಊರಿನ ರಿಸ್ಕ್ ಫ್ಯಾಕ್ಟರನ್ನು ಕಿತ್ತು ತಂದು ಇನ್ನೊಂದು ಊರಿನಲ್ಲಿ ನೆಡಲು ಬರುವುದಿಲ್ಲ.

ಬೆಂಗಳೂರಿನಲ್ಲಿ ತೊಂದರೆಯ ಜೊತೆ ನಂಟು ಕಂಡಿದ್ದು ಎರಡಕ್ಕೆ: ಮಗುವಿಗೆ ಬೀಳುವ ಹೊಡೆತ, ಮತ್ತು ಅಪ್ಪ ಅಮ್ಮನ ಮಾನಸಿಕ ಕಾಯಿಲೆ. ಮೊದಲನೆಯದನ್ನು ಶಿಕ್ಷಕರ ಸಭೆಯಲ್ಲಿ ಇನ್ನೊಂದು ಸಲ ಹೇಳಲಾ? ಬೇಡ, ಕೇಳಿಸಿತು ಅಂತ ಕಾಣುತ್ತದೆ. ಇನ್ನೊಂದು ಅಂಕಿ ನನ್ನನ್ನು ಕಾಡುತ್ತದೆ. ತಮ್ಮ ಮಗುವಿಗೆ ಏನೋ ತೊಂದರೆ ಇದೆ ಅಂತ ಆ ಮನೆಗಳಲ್ಲಿ ಅನ್ನಿಸಿದ್ದು 37.5% ಜನರಿಗೆ ಮಾತ್ರ.

ಈಗ ನಿಮ್ಹಾನ್ಸ್ ಮುಂದಾಳತ್ವದಲ್ಲೇ ದೊಡ್ಡದೊಂದು ಅಧ್ಯಯನ ನಡೆಯುತ್ತಿದೆ. ಇಂಗ್ಲಿಷ್ ಹೆಸರನ್ನು ಮೊಟಕು ಮಾಡಿ ಸಿ-ವೇದ ಅನ್ನುತ್ತಾರೆ. ಬೆಂಗಳೂರು, ಮೈಸೂರು, ಚಂಡೀಗಢ, ಇಂಫಾಲ, ಕೋಲ್ಕತ್ತಾ, ರಿಷಿ ವ್ಯಾಲಿ ಕಡೆಯ 6ರಿಂದ 23 ವರ್ಷದವರನ್ನು ತೆಗೆದುಕೊಂಡಿದ್ದಾರೆ. ಅದರಲ್ಲಿ ಸಾವಿರ ಜನರ ಮಿದುಳಿನ ಚಿತ್ರ ಮತ್ತು ಮೂತ್ರ ಪರೀಕ್ಷೆಯಿಂದ 2023ರಲ್ಲಿ ಒಂದು ವಿಷಯ ಹೊರಬಂತು. ಮೈಯಲ್ಲಿ ಆರ್ಸೆನಿಕ್ ಅನ್ನೋ ವಿಷ ಜಾಸ್ತಿ ಇದ್ದವರ ಮಿದುಳಿನ ಕೆಲವು ಭಾಗ ಚಿಕ್ಕದು, ಯೋಚಿಸಿ ತಡೆದು ಕೆಲಸ ಮಾಡುವ ಶಕ್ತಿಯೂ ಕಡಿಮೆ. ಆರ್ಸೆನಿಕ್ ಕೊಳವೆಬಾವಿಯ ನೀರಿನಲ್ಲಿ, ಆ ನೀರಿನಲ್ಲಿ ಬೆಳೆದ ಅಕ್ಕಿಯಲ್ಲಿ ಬರುತ್ತದೆ. ರಾಯಚೂರು, ಯಾದಗಿರಿ ಕಡೆಯ ಕೆಲವು ಹಳ್ಳಿಗಳ ನೀರಿನಲ್ಲಿ ಅದು ಸಿಕ್ಕಿರುವುದು ನಿಮಗೆ ಗೊತ್ತಿರಬಹುದು. ಇದೂ ಸದ್ಯಕ್ಕೆ ನಂಟು ಮಾತ್ರ, ಕಾರಣ ಅಂತ ಮುದ್ರೆ ಒತ್ತಿಲ್ಲ. ಆದರೂ ನೀರು ಪರೀಕ್ಷೆ ಮಾಡಿಸಲು ಅಷ್ಟು ಸಾಕಲ್ವಾ?

ಟೈಮ್ ನೋಡಿ ಅಂತ ಸನ್ನೆ ಮಾಡುತ್ತಿದ್ದಾರೆ. ಇನ್ನೊಂದೇ ದ್ವೀಪಕ್ಕೆ ಹೋಗಿಬರೋಣ.

ಹವಾಯಿಯ ಕವಾಯಿ ದ್ವೀಪ. ಕಬ್ಬು, ಅನಾನಸ್ ತೋಟಗಳ ಕೂಲಿಗೆ ಜಪಾನ್, ಫಿಲಿಪ್ಪೀನ್ಸ್‌ನಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಜಾಸ್ತಿ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ಸುಮಾರು 40 ವರ್ಷ ಬಿಡದೆ ನೋಡಿದರು. ಅವರಲ್ಲಿ ಮೂರನೇ ಒಂದರಷ್ಟು ಮಕ್ಕಳಿಗೆ ಎರಡು ವರ್ಷ ತುಂಬುವ ಮೊದಲೇ ನಾಲ್ಕೋ ಹೆಚ್ಚೋ ಭಾರ. ಹೆರಿಗೆಯ ತೊಂದರೆ, ಬಡತನ, ಜಗಳದ ಮನೆ, ಕುಡಿಯುವ ಅಪ್ಪ, ಕಾಯಿಲೆಯ ಅಮ್ಮ. ಇಂಥವರಲ್ಲಿ ಮೂರಕ್ಕೆ ಎರಡರಷ್ಟು ಮಕ್ಕಳು ಓದಿನಲ್ಲೋ ನಡವಳಿಕೆಯಲ್ಲೋ ಹಳಿ ತಪ್ಪಿದರು. ರಟ್ಟರ್ ಲೆಕ್ಕದ ಹಾಗೇ ಆಯಿತು ಅನ್ನಬಹುದು.

ಆದರೆ ವರ್ನರ್ ಉಳಿದ ಮೂರನೇ ಒಂದರ ಹಿಂದೆ ಬಿದ್ದರು. 72 ಮಕ್ಕಳು. ಅಷ್ಟೆಲ್ಲ ಹೇರಿದರೂ ಚೆನ್ನಾಗಿ ಬೆಳೆದರು, ಕೆಲಸ ಹಿಡಿದರು, ಸಂಸಾರ ನಡೆಸಿದರು. ಇವರಿಗೆ ಏನಿತ್ತು? ಕೆಲವರು ಹುಟ್ಟಿನಿಂದಲೇ ಸೌಮ್ಯ ಸ್ವಭಾವದವರು, ಎತ್ತಿಕೊಳ್ಳಬೇಕು ಅನ್ನಿಸುವ ಕೂಸುಗಳು. ಅದು ಅದೃಷ್ಟ. ಜೊತೆಗೆ ಒಂದು ವಿಷಯ ಮತ್ತೆ ಮತ್ತೆ ಸಿಕ್ಕಿತು. ಕೈ ಬಿಡದ ಒಬ್ಬ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕಿಲ್ಲ. ಅಜ್ಜಿ, ದೊಡ್ಡಕ್ಕ, ಮಾವ, ಪಕ್ಕದ ಮನೆಯವರು, ಒಬ್ಬ ಮೇಷ್ಟ್ರು. ಹದಿನೆಂಟರಲ್ಲಿ ಹಳಿ ತಪ್ಪಿದವರಲ್ಲೂ ಬಹಳ ಜನ ಮೂವತ್ತು ದಾಟುವ ಹೊತ್ತಿಗೆ ದಾರಿಗೆ ಬಂದಿದ್ದರು. ಒಂದು ನೌಕರಿ, ಒಂದು ಒಳ್ಳೆಯ ಮದುವೆ, ಮತ್ತೆ ಕಾಲೇಜಿಗೆ ಸೇರಿದ್ದು, ಹೀಗೆ ಏನೋ ಒಂದು. ಹದಿನೆಂಟಕ್ಕೇ ಅಧ್ಯಯನ ನಿಲ್ಲಿಸಿದ್ದರೆ ಅವರೆಲ್ಲ ‘ಕೆಟ್ಟುಹೋದವರು’ ಅಂತಲೇ ಕಡತದಲ್ಲಿ ಉಳಿಯುತ್ತಿದ್ದರು. ನಾವು ಟಿ.ಸಿ. ಕೊಟ್ಟು ಕಳಿಸಿ ಮರೆಯುತ್ತೇವಲ್ಲ, ಹಾಗೆ.

ಆ ತಾಯಿಯ ಮಾತು ಅರ್ಧಕ್ಕೇ ಬಿಟ್ಟಿದ್ದೆ. ನಾಲ್ಕೋ ತೊಂಬತ್ತಾರೋ ಅಂತ ಕೇಳಿದಾಗ ‘ಗೊತ್ತಿಲ್ಲಮ್ಮಾ’ ಅಂದೆ. ಆಮೇಲೆ ಅಂಕಿ ಬಿಟ್ಟು ಹುಡುಗನ ಬಗ್ಗೆ ಕೇಳಿದೆ. ರಾತ್ರಿ ನಿದ್ದೆ ಮಾಡುತ್ತಾನಾ? ಮಾಡುತ್ತಾನೆ. ಯಾರೂ ಇಲ್ಲದಾಗ ಒಬ್ಬನೇ ಮಾತಾಡುತ್ತಾನಾ, ಯಾರೋ ಏನೋ ಮಾಡುತ್ತಾರೆ ಅಂತ ಹೆದರುತ್ತಾನಾ? ಇಲ್ಲ. ಸ್ನಾನ, ಊಟ, ಶಾಲೆ, ಗೆಳೆಯರು ಎಲ್ಲ ಇದೆ. ಆದರೂ ಒಮ್ಮೆ ಮನೋವೈದ್ಯರಿಗೆ ತೋರಿಸಿ ಅಂದೆ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕೊನೆಗೆ ಕೇಳಿದೆ, ‘ಇವನು ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡ್ತಾನೆ?’

ಆಕೆ ಸೆರಗಿನ ತುದಿ ತಿರುವುತ್ತಾ ನಿಂತರು. ‘ಮೊದಲು ನಮ್ಮಣ್ಣನ ಜೊತೆ ತುಂಬ ಸಲಿಗೆ ಸಾರ್. ಅವರಿಗೆ ಮಾತ್ರೆಯಲ್ಲಿ ಹುಷಾರಾಗಿ ಆರೇಳು ವರ್ಷ ಆಯ್ತು. ಅಂಗಡಿ ಲೆಕ್ಕ ಬರೀತಾರೆ. ದಿನಾ ಸಂಜೆ ಇವನು ಅಲ್ಲಿಗೇ ಓಡ್ತಿದ್ದ, ಇಬ್ಬರೂ ಕೇರಂ ಆಡೋರು. ಎರಡು ವರ್ಷ ಆಯ್ತು, ನಾನೇ ಬಿಡಿಸಿದೆ. ಜೊತೆಲಿದ್ರೆ ಇವನಿಗೂ ಬಂದುಬಿಡುತ್ತೆ ಅಂತ ಭಯ.’

‘ಇವನು ರೇಗೋಕೆ ಶುರು ಮಾಡಿದ್ದು ಯಾವಾಗಿಂದ?’

ಆಕೆ ಲೆಕ್ಕ ಹಾಕಿದರು. ಬೆರಳು ಮಡಿಸುತ್ತಾ ಮಡಿಸುತ್ತಾ ನಿಲ್ಲಿಸಿದರು.

ನಾನೂ ಕಾರಣ ಗೀರಣ ಅಂತ ಏನೂ ಹೇಳಲಿಲ್ಲ. ಇಷ್ಟು ಹೊತ್ತು ನಿಮಗೆ ಹೇಳಿದ ಹಾಗೆ, ಜೊತೆಗೆ ಆಗಿದ್ದಕ್ಕೆಲ್ಲ ಕಾರಣದ ಹೆಸರು ಕೊಡಲು ಬರುವುದಿಲ್ಲ. ಆ ಕೇರಂ ಬೋರ್ಡ್ ಇನ್ನೂ ಇದೆಯಾ ಅಂತ ಮಾತ್ರ ಕೇಳಿದೆ. ಅಣ್ಣನ ಮನೆಯ ಅಟ್ಟದ ಮೇಲಿದೆ ಅಂದರು.